ಪಾಲಿಷ್ ಮನೆ ಮುಂದಿನ ಕಪ್ಪು ಗುಂಡಿ

ಬೀದಿಯಲ್ಲಿ ಎಲ್ಲರೂ ಅವನನ್ನು ಪಾಲಿಷ್ ಎಂದೇ ಕರೆಯುವುದು. ಹೊಳಪು ಸತ್ತ ಕಾರನ್ನು ಬೆಳಿಗ್ಗೆ ಅವನ ಗೇಟಿನೊಳಗೆ ಬಿಟ್ಟು ಹೋದರೆ ಸಂಜೆಗೆ ಅದರ ಬಾಗಿಲಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು, ಅಂಥ ಕೈ ಅವನದು. ಮನುಷ್ಯ ಮಾತ್ರ ಹೊಳೆಯುವವನಲ್ಲ. ಐವತ್ತಕ್ಕೆ ಹತ್ತಿರದ ವಯಸ್ಸು, ಚಕ್ರಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಕೂತು ಹಿಡಿದುಕೊಂಡ ಮಂಡಿ, ಎಷ್ಟು ತೊಳೆದರೂ ಉಗುರಿನ ಸಂದಿ ಬಿಡದ ಕಪ್ಪು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಪುರುಸೊತ್ತೇ ಸಿಗಲಿಲ್ಲ ಕಣ್ರೀ, ಸಿಕ್ಕಿದಾಗ ಹೇಳ್ತೀನಿ" ಎಂದು ಹಲ್ಲು ಕಿರಿಯುತ್ತಾನೆ. ಕೆದಕಿದವರು ಕಾರಿನ ಕೀಲಿ ಕೊಟ್ಟು ಸುಮ್ಮನೆ ಹೋಗುತ್ತಾರೆ.

ಮನೆ ಸಾಲುಮನೆಗಳಲ್ಲಿ ಒಂದು. ಎಡಕ್ಕೊಂದು ಗೋಡೆ, ಬಲಕ್ಕೊಂದು ಗೋಡೆ, ನಡುವೆ ಗೇಟಿನಿಂದ ಬಾಗಿಲ ಮೆಟ್ಟಿಲವರೆಗೆ ಕಾಂಕ್ರೀಟು ದಾರಿ. ಅಗಲ ಎಂದರೆ, ಒಂದು ಕಾರು ನಿಂತರೆ ಅದರ ಪಕ್ಕ ಒಬ್ಬ ಮನುಷ್ಯ ಮೈ ಓರೆ ಮಾಡಿಕೊಂಡು ಓಡಾಡುವಷ್ಟು. ಹಿಂದುಗಡೆ ಬಟ್ಟೆ ಒಣಹಾಕಲು ಒಂದಿಷ್ಟು ಜಾಗ, ಅದರಾಚೆ ಬೇರೆಯವರ ಗೋಡೆ. ಒಳಗಿದ್ದವರು ಹೊರಗೆ ಹೋಗಬೇಕೆಂದರೆ ಆ ಕಾಂಕ್ರೀಟಿನ ಮೇಲೆಯೇ ಹೋಗಬೇಕು. ಇದನ್ನು ಈಗಲೇ ಹೇಳಿಬಿಟ್ಟೆ. ಆಮೇಲೆ ಬೇರೆ ದಾರಿ ಇರಲಿಲ್ಲವಾ ಎಂದು ನನ್ನನ್ನು ಕೇಳಬೇಡಿ. ಇರಲಿಲ್ಲ.

ಆ ಮನೆಯಲ್ಲಿ ಅವನು, ಅವನ ಅಮ್ಮ, ಇಬ್ಬರೇ. ಅಮ್ಮ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳು. ಗಂಡ ಬೇಗ ಹೋದ. ಮಗಳನ್ನು ಶಾಲೆಗೆ ಅಟ್ಟಿ, ಮಗನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಹಾಸಿಗೆಯ ಹಾಸುಗಳ ಮೇಲೆ ಆಸ್ಪತ್ರೆಯಲ್ಲಿ ಏನೇನು ಕಲೆ ಆಗುತ್ತದೋ ಅದೆಲ್ಲ ಅವಳ ಕೈಗೇ ಬರುವುದು. ಹೊಸದಾಗಿ ಸೇರಿದ ಹೆಂಗಸರು ಕಲೆಯ ಮೇಲೆ ಜೀವ ಬಿಟ್ಟು ಉಜ್ಜುವುದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. "ಉಜ್ಜಬೇಡ್ರೇ! ಉಜ್ಜಿದ್ರೆ ಒಳಗೆ ಹೋಗಿ ಕೂತ್ಕೊಳತ್ತೆ. ಒಣಬಟ್ಟೆ ಇಟ್ಟು ಒತ್ತಿ, ಅದೇ ಕುಡ್ಕೊಳತ್ತೆ" ಎಂದು ಗದರುವಳು.

ಆ ಲಾಂಡ್ರಿಯ ನೆಲದಲ್ಲೇ ಒಂದು ದುಂಡನೆಯ ತೊಟ್ಟಿ ಇತ್ತು. ಒಗೆದ ಬಿಳಿ ಹಾಸುಗಳನ್ನು ಕಡೆಯಲ್ಲಿ ನೀಲಿ ಕದಡಿದ ನೀರಿಗೆ ಅದ್ದಿ ತೆಗೆಯುವುದಕ್ಕೆ. ಅದಕ್ಕೆ ದಂಡೆ ಇಲ್ಲ, ಮುಚ್ಚಳ ಇಲ್ಲ, ಮೇಲಿನಿಂದ ನೋಡಿದರೆ ನೀರು ಕಪ್ಪಗೆ ಕಾಣುವುದು. ಆಗಷ್ಟೇ ನಡೆಯಲು ಕಲಿತಿದ್ದ ಮಗ ಒಂದು ದಿನ ಅದರೊಳಗೆ ದುಡುಂ ಎಂದ. ಅಮ್ಮ ಕೈಯಲ್ಲಿದ್ದುದನ್ನು ಬಿಸಾಕಿ ಹಿಂದೆಮುಂದೆ ನೋಡದೆ ಧುಮುಕಿದಳು. ಈಜು ಗೀಜು ಏನೂ ಬಾರದು, ನೀರು ಕತ್ತಿನವರೆಗೆ ಬಂದಿತ್ತು. ಕೂದಲಿಗೆ ಕೈ ಹಾಕಿ ಎಳೆದು ಮೇಲೆ ತಂದಾಗ ಮಗು ಅಡಿಯಿಂದ ಮುಡಿಯವರೆಗೆ ನೀಲಿ. ಅದು ಅಳುವವರೆಗೆ ಯಾರಿಗೂ ಜೀವ ಬಂದಿರಲಿಲ್ಲ. ಅತ್ತ ಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ.

ಅಂದಿನಿಂದ ಅವನು ಅಮ್ಮನಿಗೆ "ನೀಲಿ ಮರಿ". ಬಣ್ಣ ಹೋಯಿತು, ಹೆಸರು ಹೋಗಲಿಲ್ಲ. ಮೀಸೆ ಬಂದು, ಮೀಸೆ ನರೆತ ಮೇಲೂ ಊಟಕ್ಕೆ ಕರೆಯುವಾಗ ಬೀದಿಗೆಲ್ಲ ಕೇಳುವ ಹಾಗೆ "ನೀಲಿ ಮರೀ" ಎಂದು ಕೂಗುವಳು. ಇವನು ಕಾರಿನವರ ಮುಂದೆ ನಾಚಿ ನೀರಾಗಿ, "ಅಮ್ಮಾ, ಮರ್ಯಾದೆ ತೆಗೀಬೇಡ ಕಣೇ" ಎಂದು ಹಲ್ಲು ಕಚ್ಚುವನು.

ಈಗ ಯಾರೂ ಹಾಗೆ ಕೂಗುವುದಿಲ್ಲ. ಅಮ್ಮ ಇದ್ದಾಳೆ, ನೆನಪು ಹೋಗಿದೆ. ಮೊದಲು ಒಲೆಯ ಮೇಲಿಟ್ಟ ಹಾಲು ಮರೆತಳು, ಆಮೇಲೆ ಅಂಗಡಿಯಿಂದ ಮನೆಗೆ ಬರುವ ದಾರಿ ಮರೆತಳು, ಆಮೇಲೆ ಒಂದು ಬೆಳಿಗ್ಗೆ ಕಾಫಿ ಹಿಡಿದು ಬಂದ ಮಗನ ಮುಖ ನೋಡಿ "ಯಾರಪ್ಪ ನೀನು?" ಎಂದಳು. ಮನೆ ಮುಂದೆ ಸದಾ ಕಾರು ನಿಂತಿರುತ್ತದಲ್ಲ, ಅದಕ್ಕೇ ಇವನು ಯಾರೋ ಡ್ರೈವರ್ ಇರಬೇಕು ಎಂದು ತಾನೇ ತೀರ್ಮಾನಿಸಿಕೊಂಡಳು. "ಡ್ರೈವರಪ್ಪ, ಹೊತ್ತಾಯ್ತು, ನಿನ್ನ ಮನೆಯೋರು ಕಾಯ್ತಿರ್ತಾರೆ, ಹೊರಡಪ್ಪ" ಎಂದು ಮರುಗುವಳು. ಇದಕ್ಕೆ ನಗಬೇಕೋ ಅಳಬೇಕೋ ನೀವೇ ಹೇಳಿ. ಅವನು "ಆಯ್ತು ಅಮ್ಮಾವ್ರೇ, ಇನ್ನೇನು ಹೊರಟೆ" ಎನ್ನುತ್ತಾ ಅವಳ ತಟ್ಟೆ ತೊಳೆದಿಡುವನು.

ಹೋದ ಚಳಿಗಾಲದಲ್ಲಿ ಅಮ್ಮ ಜ್ವರ ಬಂದು ಮಲಗಿದವಳು ಜ್ವರ ಬಿಟ್ಟರೂ ಏಳಲಿಲ್ಲ. ಬೆನ್ನಲ್ಲಿ ಹುಣ್ಣಾಯಿತು. ಹೇಗೋ ಎಬ್ಬಿಸಿ ನಿಲ್ಲಿಸಿದ ಮೇಲೆ ಡಾಕ್ಟರು ಇಬ್ಬರು ಮಕ್ಕಳನ್ನೂ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. "ದಿನಾ ನಡೆಸಿ. ಗೇಟಿನವರೆಗೆ ಆದ್ರೂ ಸರಿ, ಬೀದಿ ನೋಡ್ಲಿ. ಇವರ ನಡಿಗೆ ನಿಂತುಹೋದ್ರೆ ಮತ್ತೆ ಎಬ್ಬಿಸೋದು ಕಷ್ಟ." ಇನ್ನೊಂದು ಮಾತನ್ನೂ ಹೇಳಿದ್ದರು. ಇಂಥವರ ಕಣ್ಣು ನೋಡುತ್ತದೆ, ತಲೆ ತಪ್ಪು ಲೆಕ್ಕ ಹಾಕುತ್ತದೆ. ನೆಲದ ಮೇಲೆ ಕಪ್ಪಗೆ ಏನಾದರೂ ಕಂಡರೆ ಹಳ್ಳ ಎಂದುಕೊಳ್ಳುತ್ತಾರೆ. ಅಂದೇ ಅವನು ಮನೆಯಲ್ಲಿದ್ದ ಕಪ್ಪು ಕಾಲೊರಸನ್ನು ಸುತ್ತಿ ಅಟ್ಟದ ಮೇಲೆ ಎಸೆದ.

ಅಕ್ಕ ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುವವಳು. ಮಾತು ಖಾರ, ಮನಸ್ಸು ಕೆಟ್ಟದ್ದಲ್ಲ. ಆಸ್ಪತ್ರೆಯ ಬಾಗಿಲಲ್ಲೇ ನಿಂತು ಖಡಾಖಂಡಿತವಾಗಿ ಹೇಳಿಬಿಟ್ಟಳು. "ನೋಡೋ, ಆ ಹುಣ್ಣು ತೊಳೆಯುವಾಗ ಅಮ್ಮ ಕಿರುಚಿದ್ದು ನನ್ನ ಕಿವೀಲಿ ಇನ್ನೂ ಇದೆ. ಮತ್ತೆ ಹಾಸಿಗೆ ಹಿಡಿದ್ರೆ ನಾನು ನಿನ್ನ ಮಾತು ಕೇಳಲ್ಲ. ಆರೈಕೆ ಮನೇಲಿ ಸೇರಿಸ್ತೀನಿ. ಪ್ರೀತಿ ಒಂದಿದ್ರೆ ಆಗಲ್ಲ ಕಣೋ, ಎತ್ತೋಕೆ ಇಳಿಸೋಕೆ ಜನ ಬೇಕು."

ಅವನು ತಲೆಯಾಡಿಸಿದ. ಅಮ್ಮನಿಗೆ ಬುದ್ಧಿ ನೆಟ್ಟಗಿದ್ದ ಕಡೆಯ ದಿನಗಳಲ್ಲಿ, ತನಗೇನಾಗುತ್ತಿದೆ ಎಂದು ಅವಳಿಗೇ ಗೊತ್ತಾಗುತ್ತಿದ್ದಾಗ, ಅವನ ಕೈ ಹಿಡಿದು "ಎಲ್ಲೂ ಬಿಟ್ಟು ಬರಬೇಡ್ವೋ ನನ್ನ" ಎಂದು ಕೇಳಿಕೊಂಡಿದ್ದಳು. ಅದು ಅಕ್ಕನಿಗೆ ಗೊತ್ತಿಲ್ಲ. ಅವನು ಹೇಳಿಯೂ ಇರಲಿಲ್ಲ.

ಹೀಗೆ ದಿನಾ ಬೆಳಿಗ್ಗೆ, ಮೊದಲ ಕಾರು ಬರುವ ಮುಂಚೆ, ಅಮ್ಮನ ಮೆರವಣಿಗೆ. ಮೆಟ್ಟಿಲಿಳಿದು, ಕಾಂಕ್ರೀಟಿನ ಮೇಲೆ ಸರಸರ ಚಪ್ಪಲಿ ಎಳೆಯುತ್ತಾ, ಗೇಟಿನವರೆಗೆ. ಅಲ್ಲಿ ಕಂಬಿ ಹಿಡಿದು ಬೀದಿ ನೋಡುವಳು, ಹೋಗಿಬರುವವರನ್ನೆಲ್ಲ ಮಾತಾಡಿಸುವಳು. ಯಾರು ಯಾರೋ ಗೊತ್ತಿಲ್ಲ, ಎಲ್ಲರೂ ಅವಳಿಗೆ ನೆಂಟರೇ. ಅವಳ ದಿನದಲ್ಲಿ ಬೆಳಕು ಅಂತ ಇದ್ದದ್ದು ಅಷ್ಟೇ.

ಇನ್ನು ಆ ಹಾಳು ಸೋಮವಾರಕ್ಕೆ ಬರೋಣ.

ಅಂದು ಒಂದು ದೊಡ್ಡ ಗಾಡಿ ಮುಗಿಸಿ ಅದರ ಟೈರಿಗೆ ಕಪ್ಪು ಹಚ್ಚುತ್ತಿದ್ದ. ಟೈರ್ ಬ್ಲ್ಯಾಕ್ ಎನ್ನುತ್ತಾರಲ್ಲ, ಎಣ್ಣೆಯಂಥ ಕಪ್ಪು ದ್ರವ, ಹಳೇ ಟೈರನ್ನು ಹೊಸ ಟೈರಿನಂತೆ ಕಾಣಿಸುವಂಥದ್ದು. ಅದರ ದೊಡ್ಡ ಕ್ಯಾನು ಪಕ್ಕದಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು. ಗಾಡಿಯವನು ಬಂದು, ಕೀಲಿ ಇಸಕೊಂಡು, ಗಾಡಿ ಹಿಂದಕ್ಕೆ ತೆಗೆದುಕೊಂಡು ಹೋದ. ಒಳಗಿನಿಂದ ಅಮ್ಮ "ಡ್ರೈವರಪ್ಪಾ, ಗಾಡಿ ಹೊರಟೇಹೋಯ್ತಾ? ನಿನ್ನ ಬಿಟ್ಟು ಹೋಯ್ತಾ?" ಎಂದು ಗಾಬರಿಯಿಂದ ಕೂಗಿದಳು. ಅವನು ನಗುತ್ತಾ ಏಳಹೋದ. ಹಿಡಿದುಕೊಂಡ ಮಂಡಿ ಕ್ಯಾನಿಗೆ ತಗುಲಿತು.

ಬಿದ್ದದ್ದು ಬಿತ್ತು. ಆಗ ಅದು ಒಂದು ಮೊರದಷ್ಟು ಅಗಲ ಇತ್ತು ಅಷ್ಟೇ. ಒಣಬಟ್ಟೆ ಹಾಕಿ ಒತ್ತಿದ್ದರೆ ಮುಗಿದುಹೋಗುತ್ತಿತ್ತು, ಪಕ್ಕದಲ್ಲಿ ಕಾಲಿಟ್ಟು ದಾಟುವಷ್ಟು ಜಾಗವಾದರೂ ಉಳಿಯುತ್ತಿತ್ತು. ಆದರೆ ಈ ಪುಣ್ಯಾತ್ಮ ಮಾಡಿದ್ದೇನು? ಇಡೀ ಜೀವಮಾನ ಮಾಡಿದ್ದನ್ನೇ. ಕಾರಿನ ಬಣ್ಣದ ಮೇಲೆ ಡಾಂಬರಿನ ಚುಕ್ಕೆ ಬಿದ್ದರೆ ಬಟ್ಟೆಗೆ ಥಿನ್ನರ್ ಹಾಕಿ ದುಂಡಗೆ ಉಜ್ಜುತ್ತಾರೆ, ಸುತ್ತಿ ಸುತ್ತಿ, ಒಳಗಿಂದ ಹೊರಕ್ಕೆ. ಆ ಕೈಗೆ ಬೇರೇನೂ ಬಾರದು. ಕಾಂಕ್ರೀಟಿನ ಮೇಲೂ ಹಾಗೇ ಸುತ್ತಿದ. ಕಾರಿನ ತಗಡು ಏನನ್ನೂ ಕುಡಿಯುವುದಿಲ್ಲ. ಕಾಂಕ್ರೀಟು ಬಾಯಾರಿ ಕೂತಿತ್ತು. ಥಿನ್ನರಿನಲ್ಲಿ ಕರಗಿದ ಕಪ್ಪನ್ನು ಗಟಗಟ ಕುಡಿಯಿತು. ಇವನು ಸುತ್ತಿದಷ್ಟೂ ಕಲೆ ಹರಡಿತು. ಬೆವರು ಒರೆಸಿಕೊಂಡು ಎದ್ದು ನಿಂತು ನೋಡುತ್ತಾನೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಕೈವಾರದಲ್ಲಿ ಎಳೆದಂತೆ ದುಂಡಗೆ, ನುಣ್ಣಗೆ, ಕಪ್ಪಗೆ ಒಂದು ಬಾವಿಯ ಬಾಯಿ. ಡಾಕ್ಟರ ಮಾತು ಆಗ ನೆನಪಾಯಿತು.

ಮರುದಿನ ಬೆಳಿಗ್ಗೆ ಅಮ್ಮ ಮೆಟ್ಟಿಲಿಳಿದಳು, ನಾಲ್ಕು ಹೆಜ್ಜೆ ಇಟ್ಟಳು, ನಿಂತುಬಿಟ್ಟಳು.

"ಯಾರಪ್ಪ ಇಲ್ಲಿ ತೊಟ್ಟಿ ತೋಡಿದ್ದು?"

"ತೊಟ್ಟಿ ಅಲ್ಲ ಅಮ್ಮಾವ್ರೇ, ಬಣ್ಣ. ನೋಡಿ, ನಾನೇ ನಿಂತಿದ್ದೀನಿ ಅದರ ಮೇಲೆ." ಅವನು ಕಾಲಿನಿಂದ ತಪತಪ ಬಡಿದು ತೋರಿಸಿದ.

"ನೀನು ಡ್ರೈವರು, ನಿನಗೆಲ್ಲ ಅಭ್ಯಾಸ ಇರುತ್ತೆ," ಎಂದಳು ಅಮ್ಮ. "ಒಂದು ಮುಚ್ಚಳ ಹಾಕಬಾರ್ದಾ? ಮಕ್ಕಳು ಓಡಾಡೋ ಜಾಗ." ತಿರುಗಿ, ಗೋಡೆ ಹಿಡಿದುಕೊಂಡು, ನಡುಗುತ್ತಾ ಒಳಗೆ ಹೋದಳು.

ಅಂದಿನಿಂದ ಅವನು ಕಾರುಗಳನ್ನೆಲ್ಲ ವಾಪಸು ಕಳಿಸಿದ. ಭಾನುವಾರ ಅಕ್ಕ ಬರುವವಳಿದ್ದಳು. ಬಂದಾಗಲೆಲ್ಲ ಅಮ್ಮ ಗೇಟಿನಲ್ಲೇ ಅವಳನ್ನು ಎದುರುಗೊಳ್ಳುವುದು, ಯಾರೆಂದು ತಿಳಿಯದಿದ್ದರೂ "ಬಾ ತಾಯಿ" ಎಂದು ಕರೆಯುವುದು ವಾಡಿಕೆ. ಫೋನಿನಲ್ಲಿ ಅಕ್ಕ ಕೇಳಿದಳು, "ನಡೀತಿದ್ದಾಳಾ?" ಇವನು, "ಓ, ಜೋರಾಗಿ" ಎಂದ. ಫೋನಿಟ್ಟ ಮೇಲೆ ತನ್ನ ಬಾಯಿಗೆ ತಾನೇ ಒಂದು ಬಡಿದುಕೊಂಡ.

ಬಿಸಿನೀರು ಕಾಯಿಸಿ ಸೋಪಿನ ಪುಡಿ ಸುರಿದು ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಿದ. ನೊರೆ ಕಪ್ಪಗೆ ಬಂತು, ನೆಲ ಇನ್ನೂ ಕಪ್ಪಗೆ ಉಳಿಯಿತು. ಇಂಜಿನ್ನಿನ ಜಿಡ್ಡು ತೆಗೆಯುವ ಔಷಧಿ ಸುರಿದ. ಜಿಡ್ಡು ಮೇಲೆದ್ದಿತು, ಅದರ ಮೇಲೆ ತಾನೇ ಜಾರಿ ಬಿದ್ದು ಮೊಣಕೈ ತರಚಿಕೊಂಡ. ಕಲೆಯ ಮೇಲೆ ಹಳೇ ಬೆಡ್‌ಶೀಟು ಹಾಸಿ ಅಮ್ಮನನ್ನು ಕರೆದ. ಅವಳು ಅದನ್ನು ನೋಡಿದ ನೋಟವನ್ನು ಅವನು ಸಾಯುವವರೆಗೆ ಮರೆಯುವುದಿಲ್ಲ. "ಗುಂಡಿ ಮೇಲೆ ಬಟ್ಟೆ ಹಾಸಿ ನನ್ನ ಬೀಳಿಸ್ಬೇಕು ಅಂತಿದ್ದೀಯಾ? ನಾನು ನಿನಗೇನು ಅನ್ಯಾಯ ಮಾಡಿದ್ದೆ ಡ್ರೈವರಪ್ಪ?"

ಪಕ್ಕದ ಮನೆಯ ಮೇಸ್ತ್ರಿ, ಗಾರೆ ಕೆಲಸದಲ್ಲೇ ಕೂದಲು ಹಣ್ಣಾದವನು, ಗೋಡೆಯ ಮೇಲೆ ಗಲ್ಲ ಊರಿ ನೋಡುತ್ತಿದ್ದ. "ಏನಯ್ಯಾ ಪಾಲಿಷ್, ನೆಲಕ್ಕೂ ಪಾಲಿಷ್ ಶುರು ಮಾಡಿದ್ಯಾ?" ಎಂದು ತಮಾಷೆ ಮಾಡಿದವನು ಇವನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ವಿಷಯ ಕೇಳಿ, ಒಳಗೆ ಹೋಗಿ, ಒಂದು ಬಾಟಲಿ ಆಸಿಡ್ ತಂದುಕೊಟ್ಟ. "ನನಗೆ ಇದೊಂದೇ ಗೊತ್ತು. ಸಿಮೆಂಟಿನ ಕಲೆ ಎಲ್ಲಾ ತಿಂದುಹಾಕುತ್ತೆ."

ತಿಂದುಹಾಕಿತು. ಯಾವುದನ್ನು? ಒಳ್ಳೆಯ ಸಿಮೆಂಟನ್ನು! ಕಲೆಯ ಸುತ್ತ ಇದ್ದ ನೆಲವೆಲ್ಲ ಬುಸುಬುಸು ನೊರೆ ಉಕ್ಕಿ ಸುಣ್ಣದಂತೆ ಬೆಳ್ಳಗಾಯಿತು. ಎಣ್ಣೆ ಕುಡಿದ ಕಪ್ಪಿನ ಮೇಲೆ ಆಸಿಡ್ಡಿನ ಆಟ ನಡೆಯಲಿಲ್ಲ. ಬಿಳಿಯ ನಡುವೆ ಕೂತ ಕಪ್ಪು ಮೊದಲಿಗಿಂತ ಕಪ್ಪಾಗಿ, ಮೊದಲಿಗಿಂತ ಆಳವಾಗಿ ಕಂಡಿತು. ಈಗ ಅವನ ಕಣ್ಣಿಗೇ ಅದು ಗುಂಡಿಯಂತೆ ಕಾಣತೊಡಗಿತು. ಮೇಸ್ತ್ರಿ ಪಾಪ, ತಲೆ ಕೆರೆದುಕೊಂಡು, ಮೇಲೊಂದು ತೆಳು ಸಿಮೆಂಟಿನ ಗಿಲಾವು ಮಾಡಿಕೊಟ್ಟ. ಮರುದಿನಕ್ಕೆ ಅದು ಜಿಡ್ಡಿನ ಮೇಲೆ ನಿಲ್ಲದೆ ಸಿಪ್ಪೆಸಿಪ್ಪೆಯಾಗಿ ಎದ್ದುಬಂತು. ಒಡೆದು ಹೊಸದಾಗಿ ಹಾಕಬೇಕು, ಒಡೆದು ಹಾಕಿ ಒಣಗುವವರೆಗೆ ಅಲ್ಲಿ ನಿಜವಾದ ಗುಂಡಿಯೇ ಇರುತ್ತದೆ ಎಂದು ಇಬ್ಬರೂ ಲೆಕ್ಕ ಹಾಕಿ ಸುಮ್ಮನಾದರು.

ಶುಕ್ರವಾರ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ದಾಟಿಸಲು ನೋಡಿದರು, ಇವನೊಂದು ಕಡೆ, ಮೇಸ್ತ್ರಿ ಒಂದು ಕಡೆ. ಕಲೆಯ ಅಂಚಿಗೆ ಬಂದದ್ದೇ ತಡ, ಅಮ್ಮ ಬೀದಿ ಕಿತ್ತುಹೋಗುವಂತೆ ಕಿರುಚಿದಳು. ಮೇಸ್ತ್ರಿಯ ಕಿವಿ ಹಿಡಿದು ಜಗ್ಗಿದಳು, ಮಗನ ಕೆನ್ನೆ ಪರಚಿದಳು. "ಮುಳುಗಿಸ್ತಿದ್ದಾರೆ! ಯಾರಾದ್ರೂ ಬನ್ನಿ! ಮುಳುಗಿಸ್ತಿದ್ದಾರೆ!" ಎದುರು ಮನೆಗಳ ಕಿಟಕಿಗಳು ತೆರೆದುಕೊಂಡವು. ಇವನ ಕಾಲು ಜಿಡ್ಡಿನ ಮೇಲೆ ಸರ್ರನೆ ಜಾರಿತು, ಕುರ್ಚಿ ವಾಲಿತು, ಮೇಸ್ತ್ರಿ ಮೈಯೊಡ್ಡಿ ತಡೆದದ್ದರಿಂದ ಅವಳು ಉಳಿದಳು. ಒಳಗೆ ತಂದು ಮಲಗಿಸಿದಾಗ ಅವಳ ಎದೆ ಹಕ್ಕಿಮರಿಯ ಎದೆಯಂತೆ ಹೊಡೆದುಕೊಳ್ಳುತ್ತಿತ್ತು.

ಆಮೇಲೆ ಅವಳು ಏಳಲೇ ಇಲ್ಲ. ಜಪ್ಪಯ್ಯ ಎಂದರೂ ಏಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಶನಿವಾರವಿಡೀ ಎರಡು ಚಮಚ ಗಂಜಿ. ಬೆನ್ನು ತಿರುಗಿಸಿ ಒರೆಸುವಾಗ ಹಳೇ ಹುಣ್ಣಿನ ಜಾಗ ಮತ್ತೆ ಕೆಂಪಗಾಗಿರುವುದನ್ನು ಕಂಡ. "ಅಮ್ಮಾ, ಎದ್ದೇಳಮ್ಮ, ನಿನ್ನ ಕಾಲಿಗೆ ಬೀಳ್ತೀನಿ" ಎಂದ. ಅಮ್ಮಾವ್ರೇ ಎನ್ನುವುದು ಮರೆತುಹೋಗಿತ್ತು. ತನ್ನ ಕೈಯಿಂದಲೇ, ತನ್ನ ಮುಠ್ಠಾಳತನದಿಂದಲೇ ಅಮ್ಮನನ್ನು ಹಾಸಿಗೆಗೆ ಕೆಡವಿದೆ ಎಂದು ಅವನು ಮಂಚದ ಕಾಲಿಗೆ ತಲೆ ಚಚ್ಚಿಕೊಂಡ.

ಭಾನುವಾರ ಬೆಳಕು ಹರಿಯಿತು. ಅಕ್ಕ ಬಸ್ಸು ಹತ್ತಿದ್ದೇನೆ ಎಂದು ಫೋನು ಮಾಡಿದಳು. ಅವನು ಬಕೆಟ್ಟು ತೆಗೆದುಕೊಂಡು ಹೊರಗೆ ಬಂದ. ಮಾಡಲು ಏನೂ ಉಳಿದಿರಲಿಲ್ಲ, ಸುಮ್ಮನೆ ಇರಲೂ ಆಗಲಿಲ್ಲ. ಕಲೆಯ ನಟ್ಟನಡುವೆ ಮಂಡಿಯೂರಿ ಬ್ರಷ್ಷಿನಲ್ಲಿ ತಿಕ್ಕತೊಡಗಿದ. ಬ್ರಷ್ಷಿನ ಕೂದಲು ಉದುರಿತು. ಬ್ರಷ್ಷು ಬಿಸಾಕಿ ಕೈಯಲ್ಲಿ ತಿಕ್ಕಿದ. ಅಂಗೈ ಸುಲಿದು ಉರಿಯಿತು. "ಹೋಗು, ಹೋಗು, ಹೋಗ್ತೀಯೋ ಇಲ್ಲವೋ" ಎಂದು ಕಲೆಯನ್ನು ಮನುಷ್ಯರನ್ನು ಬೈದಂತೆ ಬೈದ. ಆಮೇಲೆ ಬೈಗುಳವೂ ಮುಗಿದು, ನೆಲಕ್ಕೆ ಹಣೆ ಹಚ್ಚಿ, ಐವತ್ತರ ಗಂಡಸು, ಹೋ ಎಂದು ಅತ್ತುಬಿಟ್ಟ. ಬಾಯಿಂದ ಬಂದದ್ದು ಒಂದೇ ಮಾತು. "ಅಮ್ಮಾ... ಅಮ್ಮಾ..."

ಒಳಗೆ ಮಂಚ ಕಿರುಗುಟ್ಟಿದ್ದು ಅವನಿಗೆ ಕೇಳಿಸಲಿಲ್ಲ. ಬಾಗಿಲು ತೆರೆದದ್ದೂ ಕೇಳಿಸಲಿಲ್ಲ. ಕೇಳಿಸಿದ್ದು ಕೂಗು.

"ನೀಲೀ!"

ತಲೆಯೆತ್ತಿದ. ಮೆಟ್ಟಿಲ ಮೇಲೆ ಅಮ್ಮ. ಬರಿಗಾಲು, ಕೆದರಿದ ಕೂದಲು. ಮುಖದಲ್ಲಿ ರಕ್ತವೇ ಇಲ್ಲ.

"ಯಾರಾದ್ರೂ ಬನ್ರೇ! ಮಗು ತೊಟ್ಟಿಗೆ ಬಿದ್ದಿದೆ! ನನ್ನ ನೀಲಿ ಮರಿ!"

ಯಾರಾದರೂ ಬರಲೆಂದು ಅವಳು ಕಾಯಲಿಲ್ಲ. ಎರಡು ದಿನದಿಂದ ಹಾಸಿಗೆ ಬಿಟ್ಟೇಳದ ಕಾಲುಗಳು ದಡದಡ ಮೆಟ್ಟಿಲಿಳಿದವು. ಅಂಚಿನಲ್ಲಿ ಒಂದೇ ಒಂದು ಕ್ಷಣ ನಿಂತಳು. ಅವಳ ಕಣ್ಣಿಗೆ ಅದು ಗುಂಡಿಯೇ ಆಗಿತ್ತು, ಅದರಲ್ಲಿ ನೀರೂ ಇತ್ತು, ಆಳವೂ ಇತ್ತು. ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, ಅವಳು ಅದರೊಳಗೆ ಕಾಲಿಟ್ಟಳು.

ಬಂದವಳೇ ಅವನ ನರೆತ ಕೂದಲಿಗೆ ಕೈ ಹಾಕಿ ಎಳೆದಳು. "ಏಳು ಮರಿ, ಏಳು, ಬಾಯಿ ಮುಚ್ಕೋ, ನೀರು ಕುಡೀಬೇಡ. ಅಮ್ಮ ಬಂದಿದ್ದೀನಿ. ಹಿಡ್ಕೊಂಡಿದ್ದೀನಿ." ಅವನಿಗೆ ನೋವಾಯಿತು. ಆ ನೋವು ಇನ್ನಷ್ಟು ಹೊತ್ತು ಇರಲಿ ಎಂದು ಅವನು ತಲೆ ಬಿಡಿಸಿಕೊಳ್ಳಲಿಲ್ಲ. ಅವಳ ಸೊಂಟ ತಬ್ಬಿ ಮೆಲ್ಲಗೆ ಎದ್ದು, ಜಾರದಂತೆ ಒಂದೊಂದೇ ಹೆಜ್ಜೆ ಇಡಿಸಿ, ಗೇಟಿನ ಕಡೆಯ ಅಂಚಿಗೆ ಬಂದ. ಅಲ್ಲಿ ಅವಳು ಮೊಣಕಾಲೆತ್ತಿ, ತೊಟ್ಟಿಯಿಂದ ಮೇಲೆ ಹತ್ತುವಂತೆ ಹತ್ತಿದಳು. ಆಮೇಲೆ ತನ್ನ ಶಾಲಿನಿಂದ ಅವನ ಮುಖ ಒರೆಸಿದಳು, ಕಿವಿಯೊಳಗೆ ಒರೆಸಿದಳು, ಮೂಗು ಹಿಂಡಿ ಒರೆಸಿದಳು.

ಗೇಟಿನಾಚೆ ಅಕ್ಕ ನಿಂತಿದ್ದಳು. ಕೈಯಲ್ಲಿದ್ದ ಚೀಲ ಕೆಳಗೆ ಬಿದ್ದಿತ್ತು. ಅಮ್ಮ ಅವಳತ್ತ ತಿರುಗಿ, "ನಿಂತು ನೋಡ್ತೀಯಲ್ಲೇ, ಮಗುಗೆ ಒಂದು ಒಣಬಟ್ಟೆ ತಾ" ಎಂದು ಗದರಿದಳು. ಅಕ್ಕ ಹೆಗಲ ಮೇಲಿನ ಬಟ್ಟೆ ತೆಗೆದುಕೊಟ್ಟಳು.

ಕಂಬಿ ಹಿಡಿದು ಏದುಸಿರು ಇಳಿಯುವ ಹೊತ್ತಿಗೆ ಅಮ್ಮನ ಕಣ್ಣು ಮತ್ತೆ ಬರಿದಾಯಿತು. ಪಕ್ಕದಲ್ಲಿ ನಿಂತವನನ್ನು ನೋಡಿ, "ಡ್ರೈವರಪ್ಪ, ಇಲ್ಲೊಂದು ಮಗು ಇತ್ತಲ್ಲ, ಎಲ್ಲಿ ಹೋಯ್ತು?" ಎಂದಳು.

ಅಕ್ಕ ಅಂದು ಆರೈಕೆ ಮನೆಯ ಮಾತೆತ್ತಲಿಲ್ಲ. ಹೊರಡುವಾಗ, "ಸದ್ಯಕ್ಕೆ ಬೇಡ ಬಿಡು" ಎಂದಳು ಅಷ್ಟೇ.

ಇಲ್ಲಿಗೆ ಮುಗಿಸಿದ್ದರೆ ನಿಮಗೂ ಚೆನ್ನಾಗಿರುತ್ತಿತ್ತು. ಆದರೆ ಮರುದಿನ ಬೆಳಿಗ್ಗೆ ಅಮ್ಮ ಮತ್ತೆ ಮೆಟ್ಟಿಲ ಮೇಲೆ ನಿಂತಳು, ಕಲೆ ಅಲ್ಲೇ ಇತ್ತು. ಅವನು ಕಾಲು ಜಾರದಿರಲೆಂದು ಒಂದಿಷ್ಟು ಮರಳು ಉದುರಿಸಿ, ಕಲೆಯ ನಡುವೆ ಮಂಡಿಯೂರಿ, "ಅಮ್ಮಾ" ಎಂದ. ಅವಳು ಕೂಗಿದಳು, ಇಳಿದು ಬಂದಳು, ಕೂದಲು ಹಿಡಿದೆಳೆದಳು. ಅದರ ಮರುದಿನವೂ. ಅದೇ ಅವರ ನಡಿಗೆಯಾಯಿತು. ಬೆನ್ನಿನ ಕೆಂಪು ಮಾಯವಾಯಿತು, ಊಟ ಸೇರತೊಡಗಿತು. ಅಕ್ಕನಿಗೆ ಗೊತ್ತಾಯಿತು, ಫೋನಿನಲ್ಲಿ ರೇಗಿದಳು. "ದಿನಾ ಅವಳನ್ನ ಹೆದರಿಸಿ ನಡೆಸ್ತೀಯೇನೋ?"

"ದಿನಕ್ಕೊಂದ್ಸಲ ನನ್ನ ಹೆಸರು ಕರೀತಾಳೆ ಅಕ್ಕ," ಎಂದ ಅವನು.

ಮೇಸ್ತ್ರಿ ಎಲ್ಲಿಂದಲೋ ಕಾರ್ಖಾನೆಗಳಲ್ಲಿ ನೆಲದ ಜಿಡ್ಡು ಹೀರುವ ಪುಡಿಯೊಂದನ್ನು ಹುಡುಕಿ ತಂದುಕೊಟ್ಟ. ಅದನ್ನು ಅವನು ಪೊಟ್ಟಣ ಬಿಚ್ಚದೆ ಅಟ್ಟಕ್ಕೆ, ಆ ಕಪ್ಪು ಕಾಲೊರಸಿನ ಪಕ್ಕಕ್ಕೆ, ಹಾಕಿದ. ಆದರೆ ಬಿಸಿಲನ್ನು ಯಾರು ಅಟ್ಟಕ್ಕೆ ಹಾಕುತ್ತಾರೆ? ದಿನಾ ಬೀಳುವ ಬಿಸಿಲು, ದಿನಾ ಉದುರಿಸಿ ಗುಡಿಸುವ ಮರಳು, ಎರಡೂ ಸೇರಿ ಕಪ್ಪನ್ನು ಬೂದಿಬಣ್ಣಕ್ಕೆ ತಂದವು. ಅವನು ಎಷ್ಟು ತಿಕ್ಕಿದರೂ ಹೋಗದ ಕಲೆ ಅವನು ಬಿಟ್ಟ ಮೇಲೆ ತಾನಾಗಿ ಹೊರಟಿತು.

ಒಂದು ಬೆಳಿಗ್ಗೆ ಅವನು ಎಂದಿನಂತೆ ಮಂಡಿಯೂರಿ "ಅಮ್ಮಾ" ಎಂದ. ಅಮ್ಮ ಸರಸರ ಚಪ್ಪಲಿ ಎಳೆಯುತ್ತಾ ಇಳಿದು ಬಂದಳು. ಅಂಚಿನಲ್ಲಿ ನಿಲ್ಲಲಿಲ್ಲ. ಕಲೆಯ ಮೇಲೆ ಹಾಯಾಗಿ ಕಾಲಿಟ್ಟು, ಬಗ್ಗಿ ಅವನನ್ನು ನೋಡಿ, "ಏನು ಬೀಳಿಸ್ಕೊಂಡ್ಯೋ ಡ್ರೈವರಪ್ಪ, ಹುಡುಕ್ತಿದ್ದೀಯಾ?" ಎಂದಳು. ಉತ್ತರಕ್ಕೆ ಕಾಯದೆ ಗೇಟಿಗೆ ಹೋಗಿ ಬೀದಿಯ ನೆಂಟರನ್ನು ಮಾತಾಡಿಸತೊಡಗಿದಳು.

ಬೇಡಿಕೊಂಡದ್ದು ಸಿಕ್ಕಿತ್ತು. ಅಮ್ಮ ಯಾವ ಭಯವೂ ಇಲ್ಲದೆ ನಡೆದಿದ್ದಳು. ನೀಲಿ ಎಂದು ಮಾತ್ರ ಕೂಗಿರಲಿಲ್ಲ. ಅವನು ನೆಲ ಬಿಟ್ಟು ಏಳಲಾರದೆ ಅಲ್ಲೇ ಕೂತ. ಆಮೇಲೆ ಎದ್ದು ಹೋಗಿ, ಮೂಲೆಯಲ್ಲಿದ್ದ ಟೈರ್ ಬ್ಲ್ಯಾಕಿನ ಕ್ಯಾನು ತಂದು, ಮುಚ್ಚಳ ತಿರುಗಿಸಿ, ಬ್ರಷ್ಷು ಅದ್ದಿದ. ಹಳೆಯ ಅಂಚಿನ ಮೇಲೆ ದುಂಡಗೆ ಒಂದು ಎಳೆ ಎಳೆದ. ಹಸಿ ಕಪ್ಪು ಬಿಸಿಲಿಗೆ ಮಿರಮಿರ ಮಿಂಚಿತು.

"ಡ್ರೈವರಪ್ಪಾ," ಗೇಟಿನಿಂದ ಅಮ್ಮ ಕೂಗಿದಳು, ಬೀದಿಯ ಮೇಲೇ ಕಣ್ಣಿಟ್ಟು, "ಅಲ್ಲೆಲ್ಲೋ ನನ್ನ ಮಗು ಇರ್ಬೇಕು, ಸ್ವಲ್ಪ ನೋಡ್ಕೊಳಪ್ಪ. ತೊಟ್ಟಿ ಹತ್ರ ಬಿಡಬೇಡ. ನನಗೆ ಈಗ ವಯಸ್ಸಾಯ್ತು, ಇಳಿಯೋಕೆ ಭಯ ಆಗುತ್ತೆ."

ಬ್ರಷ್ಷು ಅವನ ಕೈಯಿಂದ ಕ್ಯಾನಿಗೆ ಬಿತ್ತು. ಅಂಗಿ ಕಳಚಿ ಹಸಿ ಎಳೆಯ ಮೇಲೆ ಹಾಕಿದ. ಉಜ್ಜಲಿಲ್ಲ. ಎರಡೂ ಅಂಗೈ ಊರಿ, ಮೈಭಾರವೆಲ್ಲ ಬಿಟ್ಟು ಒತ್ತಿ ಹಿಡಿದ. ಅಂಗಿ ಕುಡಿದುಕೊಂಡಿತು. ಎತ್ತಿ ನೋಡಿದರೆ ನೆಲದಲ್ಲಿ ಮಾಸಲು ಗೆರೆಯೊಂದು ಬಿಟ್ಟು ಏನೂ ಇರಲಿಲ್ಲ.

"ಮಗು ಇಲ್ಲೇ ಇದ್ದಾನೆ ಅಮ್ಮಾವ್ರೇ," ಎಂದ ಅವನು. "ಹುಷಾರಾಗಿದ್ದಾನೆ. ನೀವು ಇಳೀಬೇಡಿ."

ಆಮೇಲೆ ಕೈ ಒರೆಸಿಕೊಂಡು ಹೋಗಿ ಅವಳ ಪಕ್ಕದಲ್ಲಿ ನಿಂತ.